ಬೆನ್ನು ನೋಡಿ ಒಳಗೆ ಬಿಟ್ಟ ಬಸವನಹುಳು

ಒಂದು ಕೆರೆಯ ದಂಡೆಯಲ್ಲಿ ಚಪ್ಪಟೆ ಕಲ್ಲೊಂದಿತ್ತು. ಅದರ ಕೆಳಗೆ, ಒಳಹೋದಂತೆ ಮೇಲೇರುವ ಸಂದಿನಲ್ಲಿ ಮಿಡತೆಗಳು, ಗೊದ್ದಗಳು ಮತ್ತು ಒಂದು ತೋಳಜೇಡ ತಮ್ಮ ತಮ್ಮ ಮೂಲೆ ಹಿಡಿದು ಬಾಳುತ್ತಿದ್ದವು. ಗೊದ್ದ ಎಂದರೆ ದೊಡ್ಡ ಕರಿ ಇರುವೆ. ಕಚ್ಚಿಸಿಕೊಂಡವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ನೆರೆಯವರನ್ನು ತಿನ್ನಬಾರದು ಎಂಬುದು ಆ ಕಲ್ಲಿನ ಕೆಳಗಿನ ಕಟ್ಟುಪಾಡು. ಹೊರಗೆ ಸಿಕ್ಕಿದರೆ ಮಾತು ಬೇರೆ.

ತೋಳಜೇಡದ ಹೆಸರು ನಿಂಗಕ್ಕ. ಮಕ್ಕಳೇ, ಈ ಜಾತಿಯ ಜೇಡ ಬಲೆ ಕಟ್ಟಿ ಕಾಯುತ್ತ ಕೂರುವುದಿಲ್ಲ, ನೆಲದ ಮೇಲೆ ಓಡಾಡಿ ಬೇಟೆಯಾಡುತ್ತದೆ. ನಿಂಗಕ್ಕನ ಮೈ ಒಣಮಣ್ಣಿನ ಬಣ್ಣ, ಬೆನ್ನಿನ ನಡುವೆ ಉದ್ದಕ್ಕೂ ಒಂದು ಬಿಳಿಚು ಪಟ್ಟೆ.

ಸಂದಿನ ಬಾಗಿಲು ಕಾಯುತ್ತಿದ್ದವನು ಕೊಂಬಯ್ಯ ಎಂಬ ಬಸವನಹುಳು. ಅವನು ಕಲ್ಲಿನ ಮೇಲೆ ಕೂತು ಬಂದವರ ಬೆನ್ನು ನೋಡುತ್ತಿದ್ದ. ಗುರುತು ಸರಿಯಿದ್ದರೆ "ಹೋಗು" ಎನ್ನುತ್ತಿದ್ದ.

"ಕೊಂಬಿನ ತುದಿಯಲ್ಲಿ ಕಣ್ಣಿರುವವನು ನಾನೊಬ್ಬನೇ. ನನಗಿಂತ ಮೇಲಿಂದ ನೋಡುವವರು ಇಲ್ಲಿ ಯಾರಿದ್ದಾರೆ?" ಎಂದು ದಿನಕ್ಕೆರಡು ಸಲವಾದರೂ ಹೇಳುತ್ತಿದ್ದ. ಕೇಳುವವರು ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಬಾಗಿಲು ಕಾಯುವವನ ಹತ್ತಿರ ವಾದ ಮಾಡಿ ಯಾರಿಗೇನು ಲಾಭ?

ಒಂದು ದಿನ ನಿಂಗಕ್ಕ ಮೊಟ್ಟೆಯ ಬಿಳಿ ಉಂಡೆಯನ್ನು ಹಿಂಬದಿಗೆ ಅಂಟಿಸಿಕೊಂಡು ಬಿಸಿಲು ಕಾಯಿಸಲು ಹೊರಟಳು. ಬದುವಿನ ಮೇಲೆ ಮೂರು ದಿನ ಇದ್ದಳು. ಮೂರನೆಯ ದಿನ ಉಂಡೆ ಬಿರಿದು ಮರಿಗಳು ಹೊರಬಂದವು. ಬಂದವೇ ತಾಯಿಯ ಕಾಲು ಹತ್ತಿ ಬೆನ್ನ ಮೇಲೆ ಒಂದರ ಮೇಲೊಂದು ಕೂತವು. ಅಷ್ಟರಲ್ಲಿ ಮಳೆ ಬಂತು, ಕೆರೆ ಏರತೊಡಗಿತು. ನಿಂಗಕ್ಕ ಓಡೋಡಿ ಕಲ್ಲಿನ ಬಳಿ ಬಂದಳು.

"ನಿಲ್ಲು. ಯಾರು ನೀನು?" ಎಂದ ಕೊಂಬಯ್ಯ.

"ನಾನೇ ನಿಂಗಿ, ಕೊಂಬಯ್ಯಣ್ಣ."

"ನಿಂಗಕ್ಕನ ಬೆನ್ನಿನ ಮೇಲೆ ಪಟ್ಟೆ ಇದೆ. ನಿನ್ನ ಬೆನ್ನು ನೋಡಿದರೆ ರಾಗಿ ಮೆತ್ತಿದ ಹಾಗಿದೆ."

"ಇವು ನನ್ನ ಮಕ್ಕಳು. ಪಟ್ಟೆ ಇವುಗಳ ಕೆಳಗಿದೆ."

"ಹಾಗಾದರೆ ಇಳಿಸು, ನೋಡೋಣ."

ನಿಂಗಕ್ಕ ಕೆಳಗೆ ನೋಡಿದಳು. ನೀರು ಆಗಲೇ ಅವಳ ಕಾಲಿನ ಅರ್ಧಕ್ಕೆ ಬಂದಿತ್ತು. "ಎಲ್ಲಿಗೆ ಇಳಿಸಲಿ? ಇಳಿಸಿದರೆ ಕೊಚ್ಚಿಹೋಗುತ್ತವೆ. ಸ್ವಲ್ಪ ಬಗ್ಗಿ ನನ್ನ ಮುಖ ನೋಡು ಅಣ್ಣ. ಎಂಟು ಕಣ್ಣಿವೆ, ಎಣಿಸು."

"ಇಲ್ಲಿ ಮುಖ ನೋಡುವ ಪದ್ಧತಿ ಇಲ್ಲ. ಪಕ್ಕಕ್ಕೆ ಸರಿ, ಹಿಂದೆ ಯಾರೋ ಬರುತ್ತಿದ್ದಾರೆ."

ಹಿಂದೆ ಬಂದದ್ದು ಒಂದು ಗದ್ದೆ ಕಪ್ಪೆ. ಅದರ ಮೈಯೂ ಒಣಮಣ್ಣಿನ ಬಣ್ಣ, ಬೆನ್ನಿನ ನಡುವೆ ಅದಕ್ಕೂ ಒಂದು ಬಿಳಿಚು ಪಟ್ಟೆ. ಹೊಟ್ಟೆ ಹಸಿದಿದ್ದರಿಂದ ಅದು ಬಾಯಿ ಮುಚ್ಚಿಕೊಂಡು ಮೆಲ್ಲಗೆ ಬಂತು.

"ಓ, ನಿಂಗಕ್ಕ! ಮೂರು ದಿನದಲ್ಲಿ ಚೆನ್ನಾಗಿ ಮೈ ತುಂಬಿಕೊಂಡಿದ್ದೀಯಲ್ಲ. ಹೋಗು, ಹೋಗು," ಎಂದ ಕೊಂಬಯ್ಯ.

"ಅಣ್ಣ, ಅದು ಕಪ್ಪೆ!" ಎಂದು ನಿಂಗಕ್ಕ ಕೂಗಿದಳು.

"ಹೊಟ್ಟೆಕಿಚ್ಚು ಪಡಬೇಡ," ಎಂದ ಅವನು.

ಕಪ್ಪೆ ಒಳಗೆ ಹೋಯಿತು. ಕ್ಷಣದಲ್ಲೇ ಒಳಗೆ ಗಲಾಟೆ ಎದ್ದಿತು. ಏನಾಯಿತೆಂದು ನೋಡಲು ಕೊಂಬಯ್ಯ ಜನ್ಮದಲ್ಲಿ ಮೊದಲ ಸಲ ಕೊಂಬು ಬಗ್ಗಿಸಿ ಸಂದಿನೊಳಗೆ ಇಣುಕಿದ. ಇಳಿಬಿದ್ದ ಕೊಂಬು ಕಪ್ಪೆಗೆ ಎರೆಹುಳುವಿನ ಹಾಗೆ ಕಂಡಿತು. ಅದೂ ಕೊಂಬಿನ ಹಿಂದೆ ಯಾರ ಮುಖವಿದೆ ಎಂದು ನೋಡಲಿಲ್ಲ. ಗಬಕ್ಕನೆ ಕಚ್ಚಿತು.

ಕೊಂಬಯ್ಯ ಚಿಪ್ಪಿನೊಳಗೆ ಸೇರಿಕೊಂಡ. ಕೊಂಬೊಂದು ಮಾತ್ರ ಹೊರಗೇ ಉಳಿಯಿತು, ಕಪ್ಪೆಯ ಬಾಯಲ್ಲಿ.

ಆಮೇಲೆ ಗೊದ್ದಗಳು ಸಾಲುಗಟ್ಟಿ ಬಂದು ಕಪ್ಪೆಯ ಹೊಟ್ಟೆಗೆ ಕಚ್ಚಿದವು. ಅದು ಹೊರಗೆ ಹಾರಿ ಕೆರೆಗೆ ಬಿತ್ತು. ಆದರೆ ಅಷ್ಟರಲ್ಲಿ ಎರಡು ಮರಿಮಿಡತೆಗಳು ಅದರ ಹೊಟ್ಟೆಗೆ ಹೋಗಿಬಿಟ್ಟಿದ್ದವು. ಅವುಗಳ ತಾಯಿ ಅಳುತ್ತಿದ್ದಳು. ಉಳಿದ ಮಿಡತೆಗಳು ಅವಳ ಸುತ್ತ ಬಂದು ಕೂತವು.

ಗೊದ್ದಗಳ ಹಿರಿಯಳು ಈರವ್ವ ಬಾಗಿಲಿಗೆ ಬಂದಳು. ನೀರಲ್ಲಿ ತುದಿಗಾಲ ಮೇಲೆ ನಿಂತಿದ್ದ ನಿಂಗಕ್ಕನ ಮುಖವನ್ನು ನೆಲಮಟ್ಟದಿಂದ ನೋಡಿದಳು. ಕೆಳಗೆ ಸಾಲಾಗಿ ನಾಲ್ಕು ಚಿಕ್ಕ ಕಣ್ಣು, ಅದರ ಮೇಲೆ ಎರಡು ದೊಡ್ಡವು, ಇನ್ನೂ ಮೇಲೆ ಮತ್ತೆರಡು.

"ನಮ್ಮ ನಿಂಗಿಯೇ. ಬಾರವ್ವ ಒಳಗೆ, ಮಕ್ಕಳು ನೆನೆಯುತ್ತವೆ," ಎಂದಳು.

ಮರಿಗಳಲ್ಲಿ ಒಂದೂ ಕಡಿಮೆಯಾಗದೆ ನಿಂಗಕ್ಕ ಒಳಗೆ ಹೋದಳು. ವಾರ ಕಳೆದು ಮರಿಗಳು ಬೆನ್ನಿಂದ ಇಳಿದಾಗ ಪಟ್ಟೆ ಮತ್ತೆ ಕಾಣಿಸಿತು. ಕೊಂಬಯ್ಯ ಉಳಿದ ಒಂದು ಕಣ್ಣಿನಿಂದ ಅದನ್ನು ನೋಡಿದ, ಹೋಗು ಎನ್ನಲಿಲ್ಲ. ಕಲ್ಲಿನಿಂದ ನಿಧಾನವಾಗಿ ಇಳಿದು ಬಂದು, ಅವಳ ಮುಖದ ಮುಂದೆ ಕೂತು, ಒಂದರಿಂದ ಎಂಟರವರೆಗೆ ಎಣಿಸಿದ.

ನೀತಿ: ಒಂದೇ ಗುರುತನ್ನು ನಂಬಿ ಕೂತವನಿಗೆ ತನ್ನವರೂ ಕಾಣುವುದಿಲ್ಲ, ಕಳ್ಳರೂ ಕಾಣುವುದಿಲ್ಲ.