ಹೊಸದನ್ನು ಪಳಗಿಸಿದ ತಿಪ್ಪೇಶ

ಒಲೆ ಮುಂದೆ ಒಬ್ಬ ತಾಯಿ, ಬಾಗಿಲ ಹತ್ತಿರ ಒಬ್ಬ ಮಗ. ಇವರಿಬ್ಬರದೇ ಕತೆ, ಕೇಳ್ರಪ್ಪಾ. ತಾಯಿ ಕರಿಬಸವ್ವ, ಮಗ ತಿಪ್ಪೇಶ. ಮಗ ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲ ಹತ್ತಿರವೇ ನಿಂತಿತ್ತು. ಹಾಗಂತ ಮಾತು ಕೇಳದವನಲ್ಲ. ಅವ್ವ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ. ಆದರೆ ಮಡಕೆಗೆ ಹೇಳಿದ್ದನ್ನು ಹಂಚಿಗೆ ಮಾಡುತ್ತಿದ್ದ. ತೊಂದರೆ ಇದ್ದದ್ದು ಅಲ್ಲಿ.

ರೊಟ್ಟಿ ತಟ್ಟಿ ತಟ್ಟಿ ಕರಿಬಸವ್ವನ ಮಣಿಕಟ್ಟು ಸೋತಿತ್ತು. "ನಾನು ಕಣ್ಣು ಮುಚ್ಚಿದ್ರೆ ಇವನಿಗೆ ಉಣ್ಣಪ್ಪಾ ಅನ್ನೋರು ಯಾರು?" ಇದೊಂದೇ ಅವಳ ಚಿಂತೆ. ಅಂಥ ಹೊತ್ತಿನಲ್ಲಿ ಪಕ್ಕದೂರಿನ ಕೊಟ್ರಪ್ಪ, ತನ್ನ ಮಗಳು ಹಾಲಮ್ಮನನ್ನು ತಿಪ್ಪೇಶನಿಗೆ ಕೊಡುವ ಮಾತೆತ್ತಿದ. ಮೊದಲು ಮನೆ ನೋಡಲು ಬರುತ್ತೇವೆ ಎಂದ. ಮನೆ ನೋಡಲು ಹಿರಿಯರು ಬರುವುದು ವಾಡಿಕೆ, ಹುಡುಗಿ ಬರುವುದಿಲ್ಲ. ಆದರೆ ಹಾಲಮ್ಮ, "ಒಲೆ ಉರಿಸೋಳು ನಾನು. ಅಡುಗೆಮನೆ ನಾನೇ ನೋಡ್ತೀನಿ" ಎಂದು ಹಟ ಹಿಡಿದಿದ್ದಳಂತೆ.

ಕರಿಬಸವ್ವ ಒಳಗೆ ಹೋಗಿ ಸುತ್ತ ಒಮ್ಮೆ ನೋಡಿದಳು. ಅವಳ ಅಡುಗೆಮನೆ ಎಷ್ಟು ಚಿಕ್ಕದೆಂದರೆ, ಒಲೆ ಮುಂದೆ ಕೂತು ಕೈ ಚಾಚಿದರೆ ನಾಲ್ಕೂ ಗೋಡೆ ಮುಟ್ಟಬಹುದು. ಇದ್ದ ಸಾಮಾನೋ? ಮಡಕೆ ಸೋರುತ್ತಿತ್ತು, ಹಂಚು ತೂತಾಗಿತ್ತು, ಮೊರ ಹರಿದಿತ್ತು, ಒರಳು ಬಿರುಕು ಬಿಟ್ಟಿತ್ತು.

"ತಿಪ್ಪೇಶಾ, ಒಂದು ಮಡಕೆ ತಗೊಂಡು ಬಾ. ಇಬ್ಬರ ಸಾರಿಗೆ ಸಾಕಾಗೋವಂಥದ್ದು. ಬೆರಳಲ್ಲಿ ತಟ್ಟು. ಠಣ್ ಅಂದ್ರೆ ತಗೋ, ಬದ್ ಅಂದ್ರೆ ಬಿಡು."

ತಿಪ್ಪೇಶ ಹೋದ, ತಟ್ಟಿದ, ಠಣ್ ಅಂದದ್ದನ್ನೇ ತಂದ. ಆರಿಸುವುದರಲ್ಲಿ ಅವನದೇನೂ ತಪ್ಪಿಲ್ಲ! ತಂದವನೇ ನೀರು ಹೊಯ್ದು ಧಗಧಗ ಉರಿಯುವ ಒಲೆ ಮೇಲೆ ಇಟ್ಟ. ಹೊಸ ಮಡಕೆ, ಜೋರು ಉರಿ. ಠಪ್! ಮಡಕೆ ಎರಡು ಹೋಳು, ಒಲೆಯೆಲ್ಲ ಬೂದಿಗೆಸರು.

"ಅಯ್ಯೋ ನನ್ನ ಕರ್ಮವೇ! ಹೊಸದು ಮನೆಗೆ ಬಂದ್ರೆ ರಾತ್ರಿಯೆಲ್ಲ ನೀರಲ್ಲಿ ಮುಳುಗಿಸಿಡಬೇಕು ಕಣೋ! ನೀರು ಕುಡಿದು ಪಳಗಬೇಕು!"

"ಹೂಂ ಅವ್ವಾ, ಮುಂದಿನ ಸಲ ಹಂಗೇ ಮಾಡ್ತೀನಿ."

ಮುಂದಿನ ಸಲ ತಂದದ್ದು ಕಬ್ಬಿಣದ ರೊಟ್ಟಿ ಹಂಚು. ತಳ ಸಮವಾಗಿತ್ತು, ಒಲೆಗೆ ಸರಿಯಾಗಿ ಕೂರುತ್ತಿತ್ತು. ಒಳ್ಳೇ ಹಂಚೇ! ತಿಪ್ಪೇಶ ಅದನ್ನು ಹಂಡೆಯ ನೀರಿನಲ್ಲಿ ಮುಳುಗಿಸಿಟ್ಟ. ಬೆಳಿಗ್ಗೆ ನೋಡಿದರೆ ಹಂಚು ಕೆಂಪು, ನೀರೂ ಕೆಂಪು.

"ಮಂಕು ಮುಂಡೇದೇ! ಕಬ್ಬಿಣ ತುಕ್ಕು ಹಿಡೀತಲ್ಲೋ! ಈರುಳ್ಳಿ ಹೋಳಿಂದ ತಿಕ್ಕಬೇಕು, ಎಣ್ಣೆ ಬಳೀಬೇಕು, ಹೊಗೆ ಏಳೋವರೆಗೂ ಒಲೆ ಮೇಲೆ ಕಾಯಿಸಬೇಕು!"

"ಹೂಂ ಅವ್ವಾ, ಮುಂದಿನ ಸಲ ಹಂಗೇ ಮಾಡ್ತೀನಿ."

ಮುಂದಿನ ಸಲ ತಂದದ್ದು ಬಿದಿರಿನ ಮೊರ. ಗೋಡೆಗೆ ತೂಗುಹಾಕಿದರೆ ಜಾಗವೇ ಬೇಡ, ಅಂಥ ಪುಟ್ಟ ಮೊರ. ತಿಪ್ಪೇಶ ಈರುಳ್ಳಿ ತಿಕ್ಕಿದ, ಎಣ್ಣೆ ಬಳಿದ, ಒಲೆ ಮೇಲೆ ಇಟ್ಟ. ಹೊಗೆಯೇನೋ ಎದ್ದಿತು. ಹೊಗೆ ಇಳಿದಾಗ ಮೊರ ಇರಲಿಲ್ಲ.

"ಬಿದಿರನ್ನ ಒಲೆಗಿಡ್ತಾರೇನೋ! ಮೊರಕ್ಕೆ ಸೆಗಣಿ ಬಳೀಬೇಕು, ಸಂದಿ ಮುಚ್ಚಬೇಕು, ಬಿಸಿಲಿಗೆ ಒಣಗಿಸಬೇಕು!"

"ಹೂಂ ಅವ್ವಾ, ಮುಂದಿನ ಸಲ..."

ಮುಂದಿನ ಸಲ ತಂದದ್ದು ಒರಳುಕಲ್ಲು. ಮೂಲೆಯಲ್ಲಿ ಅಡಗುವಷ್ಟು ಚಿಕ್ಕದು. ಪಾಪ, ಹೆಗಲ ಮೇಲೆ ಹೊತ್ತು ತಂದಿದ್ದ. ಆಮೇಲೆ ಏನು ಮಾಡಿದ ಅಂತ ನೀವೇ ಹೇಳಬಲ್ಲಿರಿ. ಕರಿಬಸವ್ವ ಚಟ್ನಿ ರುಬ್ಬಲು ಬಂದರೆ, ಒರಳಿನ ತುಂಬ ಸೆಗಣಿ, ಮೇಲೆ ಬಿಸಿಲು!

"ಥೂ! ತಿನ್ನೋದು ರುಬ್ಬೋ ಕಲ್ಲಿಗೆ ಸೆಗಣಿಯೇನೋ! ಇವತ್ತು ಅವರು ಮನೆ ನೋಡೋಕೆ ಬರ್ತಾರೆ ಕಣೋ!" ಸಿಟ್ಟು ಬಂತು, ಅದರ ಹಿಂದೆ ಅಳುವೂ ಬಂತು. "ಹೊಸ ಕಲ್ಲಲ್ಲಿ ಮರಳಿರುತ್ತೆ ಮಗಾ. ಅದಕ್ಕೆ ಮೊದಲು ರುಬ್ಬೋಕೆ ತೌಡು ಕೊಡಬೇಕು. ಮೊದಲ ಸಲ ಬಂದದ್ದನ್ನ ಹೊರಗೆ ಹಾಕಬೇಕು. ಎರಡನೇ ಸಲ ಬಂದದ್ದನ್ನೂ ಹೊರಗೆ ಹಾಕಬೇಕು. ಆಮೇಲೆ ಬಂದದ್ದನ್ನ ಒಳಗೆ ತಗೋಬೇಕು. ತಿಳೀತಾ?"

"ತಿಳೀತವ್ವಾ."

ಕಲ್ಲು ತೊಳೆದಿಟ್ಟು ಕರಿಬಸವ್ವ ಪಕ್ಕದ ಮನೆಗೆ ಮೊರ ಕೇಳಲು ಹೋದಳು. ಅಷ್ಟರಲ್ಲೇ ಕೊಟ್ರಪ್ಪ, ಹಾಲಮ್ಮ ನಡೆದುಕೊಂಡು ಬಂದು ಹೊಸ್ತಿಲು ದಾಟಿದರು.

"ನೀವು ಹೊಸಬರಾ?" ತಿಪ್ಪೇಶ ಕೇಳಿದ.

"ಹೌದಪ್ಪಾ, ಇದೇ ಮೊದಲ ಸಲ ಬರ್ತಿರೋದು" ಎಂದ ಕೊಟ್ರಪ್ಪ.

"ಹಂಗಾದ್ರೆ ತೌಡು ತಗೊಳ್ಳಿ!" ಇಬ್ಬರ ಕೈಗೂ ಒಂದೊಂದು ಹಿಡಿ ತೌಡು ಹಾಕಿದ. "ಈಗ ಹೊರಗೆ ನಡೀರಿ!"

ಹೊರಗೆ ಹಾಕಿಯೇಬಿಟ್ಟ. ಏನೋ ತಪ್ಪಾಗಿರಬೇಕೆಂದು ಕೊಟ್ರಪ್ಪ ಮತ್ತೆ ಒಳಗೆ ಬಂದ. ತಿಪ್ಪೇಶ ಮತ್ತೆ ಇಬ್ಬರನ್ನೂ ಹೊರಗೆ ಹಾಕಿದ. ಕೊಟ್ರಪ್ಪನ ಮೀಸೆ ಅದುರಿತು. "ಬಾರಮ್ಮಾ ಹಾಲಮ್ಮಾ, ಹೋಗೋಣ! ಮರ್ಯಾದೆ ಗೊತ್ತಿಲ್ಲದ ಮನೆ!"

ಮೊರ ಹಿಡಿದು ಓಡಿಬಂದ ಕರಿಬಸವ್ವ ಕೊಟ್ರಪ್ಪನಿಗೆ ಅಡ್ಡ ನಿಂತಳು.

ಹಾಲಮ್ಮ ಮಾತ್ರ ಕದಲಲಿಲ್ಲ. "ಯಾಕೆ ಹೊರಗೆ ಹಾಕಿದ್ರಿ?" ಎಂದು ತಿಪ್ಪೇಶನನ್ನೇ ಕೇಳಿದಳು.

"ಹೊಸದರಲ್ಲಿ ಮರಳಿರುತ್ತೆ. ಎರಡು ಸಲ ಹೊರಗೆ ಹೋದ್ರೆ ಉದುರಿಹೋಗುತ್ತೆ. ಆಮೇಲೆ ಒಳಗೆ ಬಂದ್ರೆ ಯಾರ ಹಲ್ಲಿಗೂ ತಾಗಲ್ಲ. ಈಗ ಬನ್ನಿ, ಪಳಗಿದ್ರಿ."

ಹಾಲಮ್ಮ ಒಳಗೆ ಬಂದು, ಬಗ್ಗಿ ಅಡುಗೆಮನೆ ನೋಡಿದಳು. ತುಕ್ಕು ತಿಕ್ಕಿ ಮಿರಿಮಿರಿ ಮಾಡಿದ ಹಂಚು, ತೊಳೆದ ಒರಳು, ಮೂಲೆಯಲ್ಲಿ ಎರಡು ಹೋಳು ಮಡಕೆ. ಒಂದೊಂದಕ್ಕೂ ಏನಾಯಿತೆಂದು ಕೇಳಿ ಕೇಳಿ ತಿಳಿದುಕೊಂಡಳು. ಸೆರಗು ಬಾಯಿಗೆ ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ.

"ಅಪ್ಪಾ, ಅಕ್ಕನ್ನ ಅವಳ ಅತ್ತೆಮನೆಯೋರು ಹೋದ ದಿನವೇ ಒಲೆ ಮುಂದೆ ಕೂರಿಸಿದ್ರಲ್ಲ, ಈಗಲೂ ಎದ್ದಿಲ್ಲ ಅವಳು. ಇಲ್ಲಿ ಕಲ್ಲನ್ನೂ ಪಳಗಿಸಿ ತಗೋತಾರೆ. ನಾನು ಈ ಮನೆಗೇ ಬರ್ತೀನಿ."

ಕೊಟ್ರಪ್ಪ ಗೊಣಗಿದ, ತೌಡು ಕೊಡವಿಕೊಂಡ, ಕೊನೆಗೆ ಒಪ್ಪಿದ.

ಅವರು ಹೋದ ಮೇಲೆ ಕರಿಬಸವ್ವ ಮಗನ ಕಿವಿ ಹಿಂಡಿದಳು. "ಮೊದಲ ಸಲ ಬಾಗಿಲಿಗೆ ಬಂದೋರನ್ನ ಹೊರಗೆ ಹಾಕಬಾರದು! ಕೈಹಿಡಿದು ಒಳಗೆ ಕರೀಬೇಕು, ಒಲೆ ಹತ್ತಿರ ಕೂರಿಸಬೇಕು, ಎಲೆ ಹಾಕಿ ಉಣ್ಣಿಸಬೇಕು!"

"ಹೂಂ ಅವ್ವಾ, ಮುಂದಿನ ಸಲ ಹಂಗೇ ಮಾಡ್ತೀನಿ."

ಹುಡುಗಿಯ ಊರಿನಲ್ಲಿ ಮದುವೆಯಾಯಿತು. ಕೊಟ್ರಪ್ಪನ ಒಂಟೆತ್ತಿನ ಗಾಡಿಯಲ್ಲಿ ಗಂಡು ಹೆಣ್ಣು ಮನೆ ಬಾಗಿಲಿಗೆ ಬಂದಿಳಿದರು. ಮುಂಚೆಯೇ ಬಂದಿದ್ದ ಕರಿಬಸವ್ವ ಆರತಿ ತಟ್ಟೆ ತರಲು ಪಕ್ಕದ ಮನೆಗೆ ಹೋದಳು. ತಿಪ್ಪೇಶ ಗಾಡಿಯ ಎತ್ತು ನೋಡಿದ. ಈ ಬಾಗಿಲಿಗೆ ಮೊದಲ ಸಲ ಬಂದದ್ದು! ನೊಗದಿಂದ ಬಿಚ್ಚಿದ, ಹಗ್ಗ ಹಿಡಿದ, ಒಳಗೆ ಕರೆದ.

ಕರಿಬಸವ್ವ ಆರತಿ ಹಿಡಿದು ಬಂದು ನೋಡಿದರೆ, ಎತ್ತಿನ ಮೂತಿ ಒಲೆ ಹತ್ತಿರ, ಬಾಲ ಅಡುಗೆಮನೆ ಬಾಗಿಲ ಹೊರಗೆ. ಹಂಚು ಒಂದು ಕಡೆ, ಮೊರ ಒಂದು ಕಡೆ. ಹಿಂದೆ ಬರಲು ಎತ್ತಿಗೆ ತಿಳಿಯದು, ಮುಂದೆ ಹೋಗಲು ಜಾಗವಿಲ್ಲ.

"ಅವ್ವಾ, ಎಷ್ಟು ಹೇಳಿದ್ರೂ ಇವನು ಕೂತ್ಕೋತಿಲ್ಲ!" ಒಳಗಿನಿಂದ ತಿಪ್ಪೇಶ ಕೂಗಿದ.

ಕರಿಬಸವ್ವ ಸೊಸೆಯ ಮುಖ ನೋಡಿದಳು. ಈಗ ತೌರಿಗೆ ಹೊರಟುಬಿಡುತ್ತಾಳೆ, ಈಗ ಹೊರಟುಬಿಡುತ್ತಾಳೆ ಎಂದುಕೊಂಡಳು. ಹಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಿಂತೇ ಉಣ್ಲಿ ಬಿಡಿ," ಎಂದಳು. "ಎಲೆ ಹಾಕಿ. ನಾನು ಬಡಿಸ್ತೀನಿ."

ತಿಪ್ಪೇಶ ಬಾಳೆಲೆ ಹಾಸಿದ. ಎತ್ತು ಮೂಸಿತು. ಅನ್ನ ಬರುವವರೆಗೂ ಕಾಯಲಿಲ್ಲ, ಚರಚರ ಎಲೆಯನ್ನೇ ಮೆದ್ದಿತು. ತಿಪ್ಪೇಶ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಆಮೇಲೆ ಬಾಲದ ಪಕ್ಕದಿಂದ ಕತ್ತು ಹೊರಗೆ ಹಾಕಿ, ಅವ್ವನಿಗೂ ಹೆಂಡತಿಗೂ ಗುಟ್ಟು ಹೇಳುವವನ ಹಾಗೆ ಪಿಸುಗುಟ್ಟಿದ:

"ಅವ್ವಾ, ಬೈಬೇಡ. ಪಾಪ, ಇವನು ಪೆದ್ದ!"