ಕಸೂತಿ ಗವುಸಿನ ಕಾವಲು

ಅಂಬುಜಾಕ್ಷಮ್ಮನವರು ಕಂಪ್ಯೂಟರ್ ಪೆಟ್ಟಿಗೆಗೆ ಧೂಳು ಕೂರಬಾರದೆಂದು ಕಸೂತಿಯ ಗವುಸು ಹೊದಿಸಿದ್ದರು. ಕೆಲಸ ಮಾಡುವಾಗಲೂ ತೆಗೆಯುತ್ತಿರಲಿಲ್ಲ. ಆದರೂ ಕಂಪ್ಯೂಟರ್ ಗಳಿಗೆಗೊಮ್ಮೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಆಗೆಲ್ಲ ಗವುಸು ಮೌಸಿಗೂ ಕೀಲಿಮಣೆಗೂ ಛೀಮಾರಿ ಹಾಕುತ್ತಿತ್ತು: “ಒಂದು ಕಣ ಧೂಳು ಒಳಗೆ ಬಿಟ್ಟವಳಲ್ಲ ನಾನು. ತಪ್ಪೆಲ್ಲ ನಿಮ್ಮದೇ!”

ಒಂದು ದಿನ ಅಮ್ಮನವರು ಗವುಸನ್ನು ಒಗೆದು ಕಿಟಕಿಯಾಚೆ ಹಗ್ಗಕ್ಕೆ ಹರವಿದರು. ಅಂದು ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ. ಗವುಸು ಇಣುಕಿ ನೋಡಿತು. ತಾನು ಮುಚ್ಚಿಡುತ್ತಿದ್ದ ಪೆಟ್ಟಿಗೆಯ ಬೆನ್ನಿನಲ್ಲಿ ಫ್ಯಾನೊಂದು ಭರ್ರೆಂದು ತಿರುಗುತ್ತಿತ್ತು. ಗವುಸು ಹಗ್ಗದ ಮೇಲಿಂದಲೇ ಕೂಗಿತು:

“ಅಯ್ಯಯ್ಯೋ, ನಿನ್ನ ಉಸಿರು ಕಟ್ಟಿಸುತ್ತಿದ್ದವಳು ನಾನೇ ಏನು? ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತೇ?”

“ಹೇಳುವುದಕ್ಕೂ ಉಸಿರು ಬೇಕಲ್ಲ, ತಾಯಿ,” ಎಂದಿತು ಫ್ಯಾನು.