ನಡುಹೊಳೆಯ ಧಾರೆ

"ಗುರುಗಳೇ, ಯುರೋಪಿನಲ್ಲಿ ಒಂದು ದೇಶದವರು ತಮ್ಮಲ್ಲಿಂದ ಓಡಿಹೋದ ಆರೋಪಿಯನ್ನು ಪಕ್ಕದ ದೇಶದವರಲ್ಲಿ ಕೇಳುತ್ತಿದ್ದಾರೆ. ಒಪ್ಪಿಸಲೇಬೇಕು ಎಂದು ಒಬ್ಬ ವಕೀಲ, ಕೂಡದು ಎಂದು ಇನ್ನೊಬ್ಬ. ಓದಿದರೆ ಇಬ್ಬರದೂ ಸರಿ ಎನಿಸುತ್ತದೆ. ಯಾವುದು ಧರ್ಮ?" ಎಂದು ಶಿಷ್ಯ ಮಡಿವಾಳಯ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ಹೊಳೆಯ ಎರಡು ದಡಗಳಲ್ಲಿ ಎರಡು ರಾಜ್ಯಗಳಿದ್ದವು. ಅಲ್ಲಿ ತಪ್ಪು ಮಾಡಿ ಇಲ್ಲಿಗೆ ಬಂದವನನ್ನು ಅಲ್ಲಿಗೆ, ಇಲ್ಲಿಂದ ಹೋದವನನ್ನು ಇಲ್ಲಿಗೆ ಒಪ್ಪಿಸಬೇಕೆಂದು ಇಬ್ಬರು ಅರಸರೂ ಆಣೆ ಮಾಡಿದ್ದರು. ಅದಕ್ಕೊಂದು ಕ್ರಮವೂ ಇತ್ತು. ನಡುಹೊಳೆಯಲ್ಲಿ ಎರಡು ದೋಣಿ ಕೂಡಬೇಕು. ಈ ದಡದ ನ್ಯಾಯಾಧಿಕಾರಿ ಆ ದಡದ ನ್ಯಾಯಾಧಿಕಾರಿಯ ಬೊಗಸೆಗೆ ನೀರೆರೆದು, "ಇನ್ನಿವನು ನಿಮ್ಮವನು" ಎಂದು ಹೇಳಿ, ದೋಣಿ ತಿರುಗಿಸಿಬಿಡಬೇಕು. ಮದುವೆಯಲ್ಲಿ ಹೆಣ್ಣು ಧಾರೆ ಎರೆದ ಹಾಗೆ.

ಒಮ್ಮೆ ಆ ದಡದಿಂದ ಒಬ್ಬ ಕಂಚುಗಾರ ಈಜಿ ಬಂದ. ಗುಡಿಯ ಗಂಟೆ ಕದ್ದು ಕರಗಿಸಿದ ಎಂಬುದು ಅವನ ಮೇಲಿನ ದೂರು. ಬೆನ್ನಿಗೇ ಓಲೆಯೂ ಬಂತು: ಒಪ್ಪಿಸಿರಿ.

ಈ ದಡದ ನ್ಯಾಯಾಧಿಕಾರಿ ಹೊಸಬ. ಪೀಠವೇರಿದ ಮೇಲೆ ಇದೇ ಅವನ ಮೊದಲ ದೊಡ್ಡ ನ್ಯಾಯ. ಊರಿಗೆ ಊರೇ ಚಾವಡಿಯಲ್ಲಿ ನೆರೆದಿತ್ತು.

ವಾದ ಮಾಡಲು ಇಬ್ಬರು ಪಂಡಿತರು ಬಂದಿದ್ದರು. ಮೊದಲನೆಯವನು ಎದ್ದ. "ಗಂಟೆ ಹೋದದ್ದು ಅಲ್ಲಿ, ಕಂಡವರಿರುವುದೂ ಅಲ್ಲಿ. ವಿಚಾರಣೆ ಇಲ್ಲಿ ಹೇಗೆ ನಡೆದೀತು? ಇವತ್ತು ನಾವು ಆಣೆ ಮುರಿದರೆ, ನಾಳೆ ನಮ್ಮ ಕಳ್ಳ ಆ ದಡದಲ್ಲಿ ಕೂತು ನಮ್ಮೆದುರೇ ಮೀಸೆ ತಿರುವುತ್ತಾನೆ!"

ಜನ ಹೋ ಎಂದರು. ಒಪ್ಪಿಸಿಯೇ ಬಿಡುತ್ತೇನೆ ಎಂದುಕೊಂಡ ನ್ಯಾಯಾಧಿಕಾರಿ.

ಎರಡನೆಯವನು ಎದ್ದ. "ಅಲ್ಲಿ ದೂರು ಕೊಟ್ಟವನ ಭಾವನೇ ತೀರ್ಪು ಹೇಳುವವನು. ಅಲ್ಲಿಯ ಸೆರೆಮನೆಗೆ ಹೊಕ್ಕ ಗಾಳಿಯೂ ಹೊರಗೆ ಬರುವುದಿಲ್ಲ. ಆಣೆ ಮಾಡಿದ್ದು ನ್ಯಾಯಕ್ಕೆ ಒಪ್ಪಿಸಲು ಸ್ವಾಮಿ, ತೋಳನ ಬಾಯಿಗೆ ಕುರಿ ನೂಕಲು ಅಲ್ಲ!"

ಜನ ಇನ್ನೂ ಜೋರಾಗಿ ಹೋ ಎಂದರು. ಇಲ್ಲ, ಒಪ್ಪಿಸಲಾರೆ ಎಂದುಕೊಂಡ ನ್ಯಾಯಾಧಿಕಾರಿ. ಇಂಥ ವಾದ ಕೇಳುವ ಭಾಗ್ಯ ತನಗೆ ಬಂತಲ್ಲ ಎಂದು ಅವನ ಮೈ ಜುಮ್ಮೆಂದಿತು. ಹೊತ್ತು ಇಳಿದರೂ ವಾದ ಇಳಿಯಲಿಲ್ಲ.

ಕಡೆಗೆ, ಬಾಯಾರಿ ನೀರು ಕೇಳಿದಾಗ ಅವನ ಕಣ್ಣು ಕಂಬಕ್ಕೆ ಒರಗಿದ್ದ ಕಂಚುಗಾರನ ಮೇಲೆ ಬಿತ್ತು. "ನೀನೇನು ಹೇಳುತ್ತೀಯಪ್ಪ?"

"ಬುದ್ಧೀ, ಹೆದರಿ ಈಜಿ ಬಂದೆ. ಇಲ್ಲೇ ಇದ್ದರೆ ತಲೆ ಉಳಿಯುತ್ತದೆ, ಕಳ್ಳ ಎಂಬ ಹೆಸರೂ ಉಳಿಯುತ್ತದೆ. ನಾನು ಕದ್ದಿಲ್ಲ ಎಂದು ಹೇಳಬಲ್ಲವರೆಲ್ಲ ಆ ದಡದಲ್ಲಿದ್ದಾರೆ. ಹೋಗುತ್ತೇನೆ. ಆದರೆ ಹೆಣ್ಣು ಧಾರೆ ಎರೆದವರೂ ಮಗಳ ಜೊತೆ ನಾಲ್ಕು ಜನ ಹೋಗಿ, ಮನೆ ತುಂಬಿಸಿ, ಅವಳು ಉಂಡದ್ದು ನೋಡಿ ಬರುತ್ತಾರೆ. ನನ್ನ ಜೊತೆ ಯಾರು ಬರುತ್ತೀರಿ?"

ಆ ದಡದವರ ಮೇಲೆ ನಂಬಿಕೆ ಇರುವಾಗ ತಾನೇಕೆ ಹೋಗಬೇಕು ಎಂದ ಮೊದಲನೆಯ ಪಂಡಿತ. ನಂಬಿಕೆಯೇ ಇಲ್ಲದ ಊರಿಗೆ ತಾನು ಹೇಗೆ ಹೋಗಲಿ ಎಂದ ಎರಡನೆಯವನು.

ನ್ಯಾಯಾಧಿಕಾರಿ ಪೀಠದಿಂದ ಇಳಿದ. ದಡದ ತುಂಬ ಜನ ನೋಡುತ್ತಿರಲು ನಡುಹೊಳೆಯಲ್ಲಿ ನೀರೆರೆದ. "ಇನ್ನಿವನು ನಿಮ್ಮವನು" ಎನ್ನಲಿಲ್ಲ. ಕಂಚುಗಾರನ ಹಿಂದೆಯೇ ಆ ದಡದ ದೋಣಿಗೆ ತಾನೂ ಕಾಲಿಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮಡಿವಾಳಯ್ಯನಿಗೆ ತಡೆಯಲಾಗಲಿಲ್ಲ. "ಆಮೇಲೆ? ಕಂಚುಗಾರ ಗೆದ್ದನೋ, ಸೋತನೋ? ಬೇಗ ಹೇಳಿ ಗುರುಗಳೇ!"

"ಅದು ತಿಳಿಯಬೇಕಾದರೆ ನೀನೂ ಆ ದೋಣಿ ಹತ್ತಬೇಕಿತ್ತಲ್ಲಪ್ಪ" ಎಂದರು ಗುರುಗಳು.